ತೋಟದ ಗಾಡಿಯ ಬೆಲೆ ಕೇಳುವ ಮೊದಲು ಅದರ ಬೆಲ್ಟ್ ಎಲ್ಲಿ ಸಿಗುತ್ತೆ ಅಂತ ಕೇಳಿದೆ

ನಮ್ಮ ಮನೆ ಬೆಂಗಳೂರಿನ ವಿಜಯನಗರದಲ್ಲಿ, ತೋಟ ಹಾರೋಹಳ್ಳಿ ದಾಟಿ ಇನ್ನೂ ಒಳಗೆ. 2025ರಿಂದ ಅದೂ ಬೆಂಗಳೂರು ದಕ್ಷಿಣ ಜಿಲ್ಲೆ. ಹೆಸರು ಬದಲಾಯಿತು, ದಾರಿಯ ಗುಂಡಿ ಬದಲಾಗಲಿಲ್ಲ. ಒಂಬತ್ತು ಎಕರೆ. ಕೆಳಗೆ ತೆಂಗು, ಮೇಲೆ ಗುಡ್ಡದ ಓರೆಯಲ್ಲಿ ಬಾದಾಮಿ ಮಾವು. ಕೊಯ್ದ ಕಾಯನ್ನು ಕ್ರೇಟಿಗೆ ತುಂಬಿ ಕೆಳಗಿಳಿಸುವುದೇ ಪ್ರತಿ ವರ್ಷದ ತಲೆನೋವು. ಟ್ರ್ಯಾಕ್ಟರ್ ಅರ್ಧ ಗುಡ್ಡದವರೆಗೆ ಬರುತ್ತದೆ. ಅಲ್ಲಿಂದ ಮೇಲೆ ಓರೆ ಜಾಸ್ತಿ, ಮಗುಚುತ್ತೆ ಅಂತ ಡ್ರೈವರ್ ಬರಲ್ಲ ಅನ್ನುತ್ತಾನೆ. ಅವನದು ತಪ್ಪಲ್ಲ.

ಇನ್ನೊಂದು ಕಾರಣ ಅಪ್ಪ. 76 ವರ್ಷ, ಸೊಂಟದ ಆಪರೇಷನ್ ಆಗಿದೆ. ಮೇಲಿನ ಮರಗಳನ್ನೆಲ್ಲ ಅವರೇ ನೆಟ್ಟದ್ದು. ಪ್ರತಿ ಭಾನುವಾರ ಕೆಳಗಿನ ಶೆಡ್ಡಿನಲ್ಲಿ ಕುರ್ಚಿ ಹಾಕಿಕೊಂಡು "ಮೇಲೆ ಹೂವು ಹೇಗಿದೆಯೋ?" ಅಂತ ಕೇಳುವರು. ನಾನು ಫೋನಿನಲ್ಲಿ ಫೋಟೋ ತೋರಿಸುವೆ. ಅದು ಅವರಿಗೂ ಸಾಲುತ್ತಿರಲಿಲ್ಲ, ನನಗೂ.

ಹಾಗಾಗಿ 2023ರಲ್ಲಿ ಸೈಡ್ ಬೈ ಸೈಡ್ ಗಾಡಿಯ ಹುಡುಕಾಟ ಶುರುವಾಯಿತು. ನಮ್ಮೂರಿನವರು ಬಗ್ಗಿ ಅನ್ನುತ್ತಾರೆ. ಬೈಕಿನಂತೆ ಕಾಲು ಹಾಕಿ ಕೂರುವ ಎಟಿವಿ ಬೇರೆ, ಇದು ಬೇರೆ. ಇದರಲ್ಲಿ ಇಬ್ಬರು ಅಕ್ಕಪಕ್ಕ ಕೂರಬಹುದು. ಸ್ಟೀರಿಂಗ್, ಸೀಟ್ ಬೆಲ್ಟ್, ತಲೆಯ ಮೇಲೆ ಕಬ್ಬಿಣದ ಪಂಜರ ಇರುತ್ತವೆ. ತೋಟದ ಕೆಲಸಕ್ಕೆಂದೇ ಮಾಡಿದ್ದರಲ್ಲಿ ಹಿಂದೆ ಎತ್ತಿ ಸುರಿಯುವ ತೊಟ್ಟಿಯೂ ಇರುತ್ತದೆ.

ಸ್ನೇಹಿತರೆಲ್ಲ ಹೇಳಿದ್ದು ಒಂದೇ ಮಾತು: "ಸುಮ್ನೆ ಒಂದು ಹಳೇ ಜಿಪ್ಸಿ ತಗೋ." ಬುದ್ಧಿವಂತರ ಮಾತು, ನಾನೂ ಹದಿನೈದು ದಿನ ಅದನ್ನೇ ಯೋಚಿಸಿದೆ. ಜಿಪ್ಸಿ 1985ರಿಂದ ಇದ್ದ ಗಾಡಿ. ಅದರ ಸಾಮಾನು ಜೆ.ಸಿ. ರಸ್ತೆಯಲ್ಲಿ ತರಕಾರಿ ಸಿಕ್ಕಹಾಗೆ ಸಿಗುತ್ತದೆ. ಒಂದನ್ನು ತಂದು ಗುಡ್ಡ ಹತ್ತಿಸಿಯೂ ನೋಡಿದೆ. ಹತ್ತಿತು. ಆದರೆ ನಾಲ್ಕೂ ಚಕ್ರಕ್ಕೆ ಲೀಫ್ ಸ್ಪ್ರಿಂಗ್. ಮೇಲೆ ಮುಟ್ಟುವ ಹೊತ್ತಿಗೆ ನನ್ನ ಸೊಂಟವೇ ಹಿಡಿದುಕೊಂಡಿತ್ತು, ಅಪ್ಪನ ಮಾತು ಬಿಡಿ. ಜಿಮ್ನಿ ಆಗಷ್ಟೇ ಬಂದಿತ್ತು, ಥಾರ್ ಇತ್ತು. ಹೊಸ ಗಾಡಿಯ ಹಿಂಬದಿಗೆ ಗೊಬ್ಬರ ಸುರಿಯಲು ಮನಸ್ಸು ಬರಬೇಕಲ್ಲ! ಅದರ ಮೇಲೆ, 10ರಿಂದ 20 ಲಕ್ಷದ ಕಾರಿಗೆ ಕರ್ನಾಟಕದಲ್ಲಿ ಶೇ. 17 ಜೀವಾವಧಿ ತೆರಿಗೆ. ತೋಟ ಬಿಟ್ಟು ಹೊರಗೆ ಹೋಗದ ಗಾಡಿಗೆ ಅಷ್ಟು ಯಾಕೆ ಕಟ್ಟಲಿ?

ಒಂದು ತಮಾಷೆ ಹೇಳುತ್ತೇನೆ. ನಮ್ಮ ಮಹೀಂದ್ರಾದವರು 2018ರಿಂದ ಅಮೆರಿಕದಲ್ಲಿ ರಾಕ್ಸರ್ ಅಂತ ಒಂದು ಗಾಡಿ ಮಾರಿದರು. ನೋಡಲು ಹಳೇ ಜೀಪು, ಒಳಗೆ 2.5 ಲೀಟರ್ ಡೀಸೆಲ್ ಎಂಜಿನ್. ಅಲ್ಲಿ ಅದು ಸೈಡ್ ಬೈ ಸೈಡ್ ಲೆಕ್ಕ. ಅಂದರೆ ನಮ್ಮ ಹಳ್ಳಿಯ ಜೀಪೇ ಅಲ್ಲಿಗೆ ಹೋಗಿ ಬಗ್ಗಿ ಆಯಿತು. ಇಲ್ಲಿ ನಾನು ಅಲ್ಲಿನ ಬಗ್ಗಿ ಹುಡುಕುತ್ತಿದ್ದೆ.

ನಾನು ನೋಡಿದ ಯಾವ ಸೈಡ್ ಬೈ ಸೈಡ್‌ಗೂ ನಂಬರ್ ಪ್ಲೇಟ್ ಇರಲಿಲ್ಲ. ಸ್ವಂತ ಜಮೀನಿನಲ್ಲಿ ಓಡಿಸಬೇಕು, ರಸ್ತೆಗೆ ಇಳಿಸುವಂತಿಲ್ಲ. ತೆರಿಗೆ ಉಳಿಯಿತು ಅಂತ ಮೊದಲು ಖುಷಿಪಟ್ಟೆ. ಆಮೇಲೆ ಹೊಳೆಯಿತು: ಕೆಟ್ಟರೆ ಓಡಿಸಿಕೊಂಡು ಗ್ಯಾರೇಜಿಗೆ ಹೋಗುವಂತಿಲ್ಲ. ಪ್ರತಿ ಸಲವೂ ಟಾಟಾ 407 ಮಿನಿ ಲಾರಿಗೆ ಹೇರಬೇಕು, ಇಲ್ಲವೇ ಮೆಕ್ಯಾನಿಕ್ಕನ್ನೇ ತೋಟಕ್ಕೆ ಕರೆತರಬೇಕು. ಗಾಡಿಯ ಬೆಲೆಯಲ್ಲಿ ಇದೂ ಸೇರಿದೆ ಅಂತ ಯಾವ ಶೋರೂಮಿನವರೂ ಹೇಳಲಿಲ್ಲ.

ಯಾವ ಕಂಪನಿಯದು ಗಟ್ಟಿ ಅಂತ ಎರಡು ತಿಂಗಳು ತಲೆ ಕೆಡಿಸಿಕೊಂಡೆ. ಇಂಥ ಗಾಡಿಗಳಲ್ಲಿ ಹೆಚ್ಚಿನವುಗಳಿಗೆ ಗೇರ್‌ಬಾಕ್ಸ್‌ಗೆ ಶಕ್ತಿ ಮುಟ್ಟಿಸುವುದು ಸಿವಿಟಿ. ಎರಡು ಪುಲ್ಲಿ, ನಡುವೆ ಒಂದು ರಬ್ಬರ್ ಬೆಲ್ಟು. ನಮ್ಮ ಮನೆಯ ಸ್ಕೂಟರಿನಲ್ಲೂ ಇರುವುದು ಅದೇ, ಇಲ್ಲಿ ದಪ್ಪ. ಹೋಂಡಾದ ಪಯೋನಿಯರ್‌ಗೆ ಬೆಲ್ಟೇ ಇಲ್ಲ, ಕಾರಿನಂತೆ ಹಲ್ಲಿನ ಗೇರು. ಕುಬೋಟಾದ ಕೆಲವು ಡೀಸೆಲ್ ಗಾಡಿಗಳಲ್ಲಿ ಎಣ್ಣೆಯ ಒತ್ತಡದಿಂದಲೇ ಚಕ್ರ ತಿರುಗುತ್ತದೆ. ಓದುತ್ತಾ ಹೋದರೆ ಇವೇ ಬೇಕು ಅನಿಸುತ್ತದೆ. ಆದರೆ ಬೆಂಗಳೂರಿನಲ್ಲಿ ಅವುಗಳ ಬಾನೆಟ್ ಎತ್ತಿ ಕೈ ಹಾಕುವ ಒಬ್ಬನೂ ನನಗೆ ಸಿಗಲಿಲ್ಲ. ಪೊಲಾರಿಸ್ 2011ರಿಂದ ಭಾರತದಲ್ಲಿದೆ, ರೆಸಾರ್ಟುಗಳಲ್ಲಿ, ಎಸ್ಟೇಟುಗಳಲ್ಲಿ ಓಡುತ್ತಿದೆ. ಅದರ ಹೆಸರಿಗೂ ಒಂದು ಕಲೆ ಇದೆ. 2016ರ ಏಪ್ರಿಲ್‌ನಲ್ಲಿ ಬೆಂಕಿ ಹತ್ತುವ ಅಪಾಯ ಇದೆ ಅಂತ ಆರ್‌ಝಡ್‌ಆರ್ 900 ಮತ್ತು 1000 ಮಾದರಿಯ ಸುಮಾರು 1,33,000 ಗಾಡಿಗಳನ್ನು ಅಮೆರಿಕದಲ್ಲಿ ವಾಪಸ್ ಕರೆದಿದ್ದರು. ಅವು ಆಟದ ಗಾಡಿಗಳು, ನನಗೆ ಬೇಕಿದ್ದದ್ದು ಕೆಲಸದ್ದು. ಆದರೂ ಹಳೆಯದನ್ನು ಕೊಳ್ಳುವಾಗ ವರ್ಷ, ಮಾದರಿ ಎರಡನ್ನೂ ಖಚಿತ ಮಾಡಿಕೊಳ್ಳಬೇಕು ಅನ್ನುವುದು ತಲೆಯಲ್ಲಿ ಕೂತಿತು. ಅದು ಮುಂದೆ ಉಪಯೋಗಕ್ಕೂ ಬಂತು.

ಜೆ.ಸಿ. ರಸ್ತೆಯ ಹತ್ತಿರ ಒಬ್ಬರು ಭಾಯ್ ಇದ್ದಾರೆ. ನನ್ನ ಹಳೇ ಜೀಪನ್ನು ನೋಡಿಕೊಳ್ಳುತ್ತಿದ್ದವರು. ಅವರ ಮುಂದೆ ನಾಲ್ಕು ಕಂಪನಿಯ ಚಿತ್ರ ಹರಡಿ, "ಭಾಯ್, ಇದರಲ್ಲಿ ಯಾವುದು ಕೆಡಲ್ಲ?" ಅಂದೆ.

ಅವರು ಚಿತ್ರ ನೋಡಲೇ ಇಲ್ಲ. "ಸಾರ್, ಕೆಡದ ಗಾಡಿ ಇಲ್ಲ. ಕೆಟ್ಟ ಮೇಲೆ ಎಷ್ಟು ದಿನ ನಿಲ್ಲುತ್ತೆ ಅಂತ ಕೇಳಿ" ಅಂದರು.

ಅಂದು ರಾತ್ರಿ ಐದು ಸಾಮಾನಿನ ಪಟ್ಟಿ ಮಾಡಿದೆ: ಸಿವಿಟಿ ಬೆಲ್ಟು, ಮುಂದಿನ ಚಕ್ರದ ಬೇರಿಂಗು, ಆಕ್ಸಲ್ ಬೂಟು, ವಾಟರ್ ಪಂಪ್ ಸೀಲು, ಫ್ಯೂಯೆಲ್ ಪಂಪು. ಗಾಡಿ ಕೊಳ್ಳುವ ಮಾತೇ ಎತ್ತದೆ, ಈಗಾಗಲೇ ಗಾಡಿ ಇರುವವನಂತೆ ಫೋನ್ ಮಾಡಿ ಕೇಳಿದೆ. ಬೆಲೆ ಎಷ್ಟು, ಎಷ್ಟು ದಿನಕ್ಕೆ ಕೈಗೆ ಬರುತ್ತೆ? ಬೆಲ್ಟು ಒಂದು ಮಾದರಿಗೆ ನಾಲ್ಕೇ ದಿನ. ಇನ್ನೊಂದಕ್ಕೆ "ಹೊರದೇಶದಿಂದ ಬರಬೇಕು, ತಿಂಗಳಾಗಬಹುದು." ಮತ್ತೊಂದಕ್ಕೆ ಉತ್ತರವೇ ಬರಲಿಲ್ಲ. ಮೂರು ಸಲ ಫೋನ್ ಮಾಡಿದೆ. ಗಾಡಿ ಮಾರಾಟದ ನಂಬರಿಗೆ ಮಾಡಿದ್ದರೆ ಮೊದಲ ರಿಂಗಿಗೇ ಎತ್ತುತ್ತಿದ್ದರು, ಅಲ್ವಾ?

ಆಮೇಲೆ ದಿನದ ಲೆಕ್ಕ. ಕೊಯ್ಲಿನ ಕಾಲದಲ್ಲಿ ಗಾಡಿ ನಿಂತರೆ ತಲೆಹೊರೆಗೆ ಹೆಚ್ಚುವರಿ ಆಳು, ಟ್ರ್ಯಾಕ್ಟರ್ ಬಾಡಿಗೆ ಸೇರಿ ನನಗೆ ದಿನಕ್ಕೆ 2,800 ರೂಪಾಯಿ. ಇಪ್ಪತ್ತು ದಿನ ನಿಂತರೆ 56,000. ಅಂದರೆ ಅಗ್ಗಕ್ಕೆ ಸಿಕ್ಕ ಗಾಡಿಯೊಂದು ಒಂದು ಮಾವಿನ ಕಾಲದಲ್ಲಿ ಅರ್ಧ ಲಕ್ಷ ನುಂಗಬಹುದು, ಅದೂ ಮೂಲೆಯಲ್ಲಿ ಸುಮ್ಮನೆ ನಿಂತುಕೊಂಡೇ. ಈ ಲೆಕ್ಕ ಹಾಕಿದ ಮೇಲೆ ಮಾದರಿಗಳ ಪಟ್ಟಿ ತಾನಾಗಿಯೇ ಚಿಕ್ಕದಾಯಿತು.

ಹೊಸದಕ್ಕೆ ನನಗೆ ಹೇಳಿದ್ದು 12 ಲಕ್ಷದ ಮೇಲೆ. ವಾರಂಟಿ ಕಾಗದ ತರಿಸಿ ಓದಿದೆ. ಬೆಲ್ಟು, ಬ್ರೇಕ್ ಪ್ಯಾಡು, ಫಿಲ್ಟರು, ಅಂದರೆ ಸವೆಯುವ ಯಾವುದೂ ಅದರಲ್ಲಿ ಇರಲಿಲ್ಲ. ಅಷ್ಟು ಹಣ ಹಾಕುವ ಶಕ್ತಿಯೂ ಇರಲಿಲ್ಲ, ಬಿಟ್ಟೆ.

ಎರಡನೆಯದು ಊರ ಹೊರಗಿನ ಒಂದು ರೆಸಾರ್ಟಿನ ಗಾಡಿ. 4.6 ಲಕ್ಷ. ತೊಳೆದು ಪಾಲಿಶ್ ಹೊಡೆದು ಮದುವೆ ಗಂಡಿನಂತೆ ನಿಲ್ಲಿಸಿದ್ದರು. 2018ರದ್ದು ಅಂದರು. ಚಾಸಿ ನಂಬರ್ ಬರೆದುಕೊಂಡೆ. 17 ಅಕ್ಷರದ ಆ ನಂಬರಿನಲ್ಲಿ ಹತ್ತನೆಯದು ಮಾದರಿಯ ವರ್ಷ ಹೇಳುತ್ತದೆ: ಜಿ ಇದ್ದರೆ 2016, ಎಚ್ ಇದ್ದರೆ 2017, ಜೆ ಇದ್ದರೆ 2018. ಇದರಲ್ಲಿ ಜಿ ಇತ್ತು. ನಾನು ಏನೂ ಹೇಳದೆ ಮುಂದಕ್ಕೆ ನೋಡಿದೆ. ಮೀಟರಿನ ಕಿಲೋಮೀಟರನ್ನು ಎಂಜಿನ್ ಓಡಿದ ಗಂಟೆಗಳಿಂದ ಭಾಗಿಸಿದರೆ ಗಾಡಿ ಸರಾಸರಿ ಯಾವ ವೇಗದಲ್ಲಿ ಬದುಕಿದೆ ಅಂತ ಗೊತ್ತಾಗುತ್ತದೆ. 31 ಬಂತು. ಗೊಬ್ಬರ ಹೊತ್ತ ಗಾಡಿಗೆ ಇಷ್ಟು ಬರಲ್ಲ. ಕಾಸು ಕೊಟ್ಟು ಹತ್ತಿದ ಹುಡುಗರು ಬಡಿದಿದ್ದಾರೆ ಅಂತಲೇ ಅರ್ಥ. ಭಾಯ್ ಏರ್ ಫಿಲ್ಟರ್ ತೆಗೆದು, ಅದರ ಆಚೆಯ ಕೊಳವೆಯೊಳಗೆ ಬೆರಳು ಹಾಕಿ ಸವರಿದರು. ಬೆರಳು ಕೆಂಪು. ಫಿಲ್ಟರ್ ದಾಟಿ ಧೂಳು ಎಂಜಿನ್ನಿಗೆ ಹೋಗಿದೆ. ಪಿಸ್ಟನ್, ಸಿಲಿಂಡರ್ ಎಷ್ಟು ಸವೆದಿದೆಯೋ ದೇವರಿಗೇ ಗೊತ್ತು. ಕಾಫಿ ಕುಡಿದು ವಾಪಸ್ ಬಂದೆವು.

ಮೂರನೆಯದು ಕೊಡಗಿನ ಒಂದು ಕಾಫಿ ತೋಟದ್ದು. 6.75 ಲಕ್ಷ, ಚೌಕಾಸಿಗೆ ಒಪ್ಪಲೇ ಇಲ್ಲ. ನೋಡಲು ದರಿದ್ರ. ಪ್ಲಾಸ್ಟಿಕ್ಕಿನ ತುಂಬ ಗೀರು, ಸೀಟು ಹರಿದಿದೆ, ತೊಟ್ಟಿಯಲ್ಲಿ ಸುಣ್ಣದ ಕಲೆ. ಆದರೆ ಕಿಲೋಮೀಟರನ್ನು ಗಂಟೆಯಿಂದ ಭಾಗಿಸಿದರೆ 11. ಡಿಪ್‌ಸ್ಟಿಕ್ ಎಳೆದರೆ ಎಣ್ಣೆ ಹಾಲು ಬಣ್ಣಕ್ಕೆ ತಿರುಗಿರಲಿಲ್ಲ, ಅಂದರೆ ನೀರು ಸೇರಿಲ್ಲ. ಜಾಕ್ ಕೊಟ್ಟು ಚಕ್ರ ಅಲ್ಲಾಡಿಸಿದಾಗ ಬಲಗಡೆ ಬಾಲ್ ಜಾಯಿಂಟ್ ಮಾತ್ರ ಸಡಿಲ. ಮಾಲೀಕರು ಒಂದು ಹಳೇ ನೋಟ್‌ಬುಕ್ ತಂದುಕೊಟ್ಟರು. ಯಾವತ್ತು ಎಣ್ಣೆ ಬದಲಿಸಿದ್ದು, ಯಾವತ್ತು ಬೆಲ್ಟು ಹಾಕಿದ್ದು, ಎಲ್ಲ ಪೆನ್ನಿನಲ್ಲಿ ಬರೆದಿತ್ತು. ನಡುವೆ ಒಂದು ಪುಟದಲ್ಲಿ ಮೆಣಸಿನ ಬಳ್ಳಿಯ ಲೆಕ್ಕ ಕೂಡ. ಸುಳ್ಳು ನೋಟ್‌ಬುಕ್ ಮಾಡುವವರು ಮೆಣಸಿನ ಲೆಕ್ಕ ಬರೆಯಲ್ಲ. ಅಲ್ಲೇ ಅಡ್ವಾನ್ಸ್ ಕೊಟ್ಟೆ. 407ನಲ್ಲಿ ತೋಟಕ್ಕೆ ಬಂದಿಳಿಯುವ ಹೊತ್ತಿಗೆ ಬಾಡಿಗೆ, ಹಮಾಲಿ ಸೇರಿ ಇನ್ನೊಂದು 19,000.

ಇಷ್ಟೆಲ್ಲ ಲೆಕ್ಕ ಹಾಕಿ ತಂದ ಗಾಡಿಯ ಬೆಲ್ಟನ್ನು ಮೊದಲ ಮಾವಿನ ಕಾಲದಲ್ಲಿ ನಾನೇ ಸುಟ್ಟೆ. ಎಂಟು ಕ್ರೇಟು ಹಿಂದೆ, ಮಳೆಗೆ ಜೇಡಿಮಣ್ಣು ಜಾರುತ್ತಿತ್ತು. ಗೇರು 'ಹೈ'ನಲ್ಲೇ ಇತ್ತು, ಬದಲಿಸಲು ಸೋಮಾರಿತನ. ಆ ಗೇರಿನಲ್ಲಿ ಭಾರ ಹೊತ್ತು ನಿಧಾನಕ್ಕೆ ಹತ್ತಿದರೆ ಪುಲ್ಲಿ ಬೆಲ್ಟನ್ನು ಬಿಗಿಯಾಗಿ ಹಿಡಿಯುವುದಿಲ್ಲ. ಬೆಲ್ಟು ಜಾರಿ ಜಾರಿ ಕಾಯುತ್ತದೆ. ಸುಟ್ಟ ರಬ್ಬರಿನ ವಾಸನೆ ಬಂತು, ಆಮೇಲೆ ಪಟ್ ಅಂತ ಒಂದು ಸದ್ದು. ಮೇಸ್ತ್ರಿ ಇಳಿದು ನೋಡಿ, "ಏನ್ ಸಾಮಿ, ಇಷ್ಟೇನಾ ಇದರ ಕತೆ?" ಅಂದರು. ನಾಲ್ಕನೇ ದಿನ ಬೆಲ್ಟು ಬಂತು. ಫೋನಿನಲ್ಲಿ ಹೇಳಿದ್ದು ಸುಳ್ಳಾಗಲಿಲ್ಲ. ಹೊಸ ಬೆಲ್ಟು ಹಾಕಿದ ಮೇಲೆ ಮೊದಲ 80 ಕಿ.ಮೀ. ಭಾರ ಹಾಕದೆ, ಜೋರು ಮಾಡದೆ ಓಡಿಸಿ ಪಳಗಿಸಬೇಕು. ಕೊಯ್ಲಿನ ನಡುವೆ 80 ಕಿ.ಮೀ. ಎಲ್ಲಿಂದ ತರುವುದು? ಅಪ್ಪನನ್ನು ಕೂರಿಸಿಕೊಂಡು ಬೆಳಿಗ್ಗೆ ಸಂಜೆ ತೋಟ ಸುತ್ತಿದೆ. ಒಂದೊಂದು ಮರದ ಹತ್ತಿರವೂ ನಿಲ್ಲಿಸು ಅನ್ನುತ್ತಿದ್ದರು. ಹೀಗಾಗಿ ಪಳಗಿಸುವುದಕ್ಕೆ ಬರೋಬ್ಬರಿ ಎರಡು ವಾರ ಹಿಡಿಯಿತು.

ಈಗ ಗುಡ್ಡ ಹತ್ತುವಾಗ, ಗಂಟೆಗೆ ಹತ್ತು ಕಿ.ಮೀ. ದಾಟದ ಯಾವ ಕೆಲಸಕ್ಕೂ 'ಲೋ' ಗೇರು. ಒಂದು ಬೆಲ್ಟು ಯಾವಾಗಲೂ ಸೀಟಿನ ಕೆಳಗಿರುತ್ತದೆ.

ಮಿಕ್ಕ ತೊಂದರೆಗಳು ಯಾವ ಕಂಪನಿಯದ್ದೂ ಅಲ್ಲ, ತೋಟದವು. ಇಲಿ ಒಂದು ಸಲ ವೈರಿಂಗ್ ಕಡಿದು ಹಾಕಿತು. ಮಳೆಗಾಲದಲ್ಲಿ ರೇಡಿಯೇಟರಿನ ಸಂದಿಗೆ ಕೆಸರು ಮೆತ್ತಿ ಒಣಗಿ, ಎಂಜಿನ್ ಕಾಯಿತು. ವಾರಕ್ಕೊಮ್ಮೆ ಸಣ್ಣ ನೀರಿನಲ್ಲಿ ತೊಳೆದರೆ ಸಾಕು, ಪ್ರೆಷರ್ ಪೈಪ್ ಹಿಡಿದರೆ ಅದರ ರೆಕ್ಕೆ ಮಡಚಿಕೊಳ್ಳುತ್ತದೆ. ಬಂಕಿನಲ್ಲಿ ಈಗ ಬರುವುದು ಇ20, ಅಂದರೆ ಶೇ. 20 ಎಥನಾಲ್ ಬೆರೆಸಿದ ಪೆಟ್ರೋಲ್. ಎಥನಾಲ್ ನೀರು ಹೀರುತ್ತದೆ. ತಿಂಗಳುಗಟ್ಟಲೆ ಗಾಡಿ ನಿಲ್ಲುವುದಿದ್ದರೆ ಟ್ಯಾಂಕಿನಲ್ಲಿ ಹಳೇ ಪೆಟ್ರೋಲ್ ಬಿಡುವುದಿಲ್ಲ.

ಎರಡು ವರ್ಷ, 190 ಗಂಟೆ ಓಡಿದೆ. ಬೆಲ್ಟು ಎರಡು, 29,000. ಬ್ಯಾಟರಿ 5,800. ಬುಷ್ ಮತ್ತು ಬಾಲ್ ಜಾಯಿಂಟ್ 11,200. ಇಲಿಯ ಬಾಬ್ತು 4,500. ಎಣ್ಣೆ, ಫಿಲ್ಟರು 12,000. ಒಟ್ಟು 62,500, ಅಂದರೆ ಪೆಟ್ರೋಲ್ ಬಿಟ್ಟು ಗಂಟೆಗೆ 329 ರೂಪಾಯಿ. ಕೊಯ್ಲಿನ ಕಾಲದಲ್ಲಿ ನಿಂತದ್ದು ಆ ನಾಲ್ಕು ದಿನ ಮಾತ್ರ. ಕಡಿಮೆ ಅಂತ ಹೇಳಲಾರೆ. ಜಿಪ್ಸಿಗೆ ಇದರ ಅರ್ಧವೂ ಆಗುತ್ತಿರಲಿಲ್ಲ ಅಂತ ಸ್ನೇಹಿತರು ಈಗಲೂ ಕಾಲೆಳೆಯುತ್ತಾರೆ. ಅವರೆಲ್ಲರ ಸೊಂಟವೂ ನೆಟ್ಟಗಿದೆ, ಹೇಳಲಿ ಬಿಡಿ.

ಮೊನ್ನೆ ಭಾನುವಾರ ಮೇಲಿಂದ ಇಳಿಯುವಾಗ ಮುಂದಿನ ಎಡ ಚಕ್ರದಲ್ಲಿ ಗೊರಗೊರ ಅಂತ ಸದ್ದು. ಅಪ್ಪನೇ ಮೊದಲು ಹೇಳಿದ್ದು, "ಏನೋ ಕೊರೀತಿದೆ ನೋಡು." ಚಕ್ರ ಬಿಚ್ಚಿ ಬೇರಿಂಗಿನ ಮೇಲಿದ್ದ ನಂಬರನ್ನು ಬರೆದುಕೊಂಡು ಭಾಯ್‌ಗೆ ಕಳಿಸಿದೆ. ಅದೇ ಅಳತೆಯದ್ದು ಜೆ.ಸಿ. ರಸ್ತೆಯ ಬೇರಿಂಗ್ ಅಂಗಡಿಯಲ್ಲೇ ಇದೆಯಂತೆ. ಬುಧವಾರ ಆಫೀಸು ಮುಗಿಸಿ ಹೋಗಿ ತರಬೇಕು.