ಜಿಗ್‌ಗೆ ಬಾಳೆ ಮೀನು ಕಚ್ಚಿಸಿದ ಕಥೆ

ಲಿಂಗನಮಕ್ಕಿ ಹಿನ್ನೀರಿನಲ್ಲಿ ನಮ್ಮ ಜೊತೆಯವರು ಬಾಳೆ ಮೀನಿಗೆ ಜೀವಂತ ಮರಿಮೀನು ಬಿಟ್ಟು ಬೇರೇನನ್ನೂ ಕಟ್ಟುವುದಿಲ್ಲ. ನನ್ನ ಜಿಗ್ (ಸೀಸದ ತಲೆಯ ಕೊಕ್ಕೆಗೆ ರಬ್ಬರ್ ಬಾಲ ಸಿಕ್ಕಿಸಿದ ನಕಲಿ ಮೀನು) ನೋಡಿ, "ರಬ್ಬರ್ ಬಾಲಕ್ಕೆ ಬಾಳೆ ಬರುತ್ತಾ ಮಾರಾಯ?" ಎಂದು ನಕ್ಕವರೇ ಈಗ ನನ್ನ ಹತ್ತಿರ ಜಿಗ್ ಕೇಳುತ್ತಾರೆ.

ಮೊದಲ ಬೇಸಿಗೆಯ ದುಡ್ಡೆಲ್ಲ ಮರದ ಬೊಡ್ಡೆಗಳ ಪಾಲಾಯಿತು. 1964ರಲ್ಲಿ ಅಣೆಕಟ್ಟು ಮುಗಿದಾಗ ಮುಳುಗಿದ ಕಾಡು ತಳದಲ್ಲಿ ಇನ್ನೂ ನಿಂತಿದೆಯಲ್ವಾ? ಜಿಗ್ ಒಂದಕ್ಕೆ 80 ರೂಪಾಯಿಯಂತೆ ನಾಲ್ಕೈದು ಸಾವಿರ ಅಲ್ಲೇ ಸಿಕ್ಕಿಕೊಂಡಿತು. ಆಮೇಲೆ ಟೈರ್ ಅಂಗಡಿಯ ಹಳೇ ಸೀಸ ತಂದು ನಾನೇ ಎರಕ ಹೊಯ್ದೆ. ಅಚ್ಚಿನಲ್ಲಿ ತೇವ ಇದ್ದರೆ ಸೀಸ ಮುಖಕ್ಕೇ ಸಿಡಿಯುತ್ತದೆ, ಹುಷಾರು. ಬಯಲಲ್ಲೇ ಮಾಡಿ. ಈಗ ಒಂದಕ್ಕೆ 15 ರೂಪಾಯಿ ಬಿದ್ದರೆ ಹೆಚ್ಚು. ಕೊಕ್ಕೆ ಮಾತ್ರ ತೆಳು ತಂತಿಯದು. ಬೊಡ್ಡೆಗೆ ಸಿಕ್ಕರೆ 30 ಪೌಂಡ್ ತಡೆಯುವ ಬ್ರೇಡ್ (ಹೆಣೆದ ದಾರ) ಹಿಡಿದು ಎಳೆದಾಗ ಕೊಕ್ಕೆ ನೆಟ್ಟಗಾಗಿ ಜಿಗ್ ವಾಪಸ್ ಬರುತ್ತದೆ. ದೊಡ್ಡ ಮೀನು ಬಿದ್ದಾಗ ರೀಲಿನ ಡ್ರ್ಯಾಗ್ (ದಾರ ಬಿಡುವ ಬಿಗಿತ) ಸಡಿಲ ಇರಲಿ, ಇಲ್ಲದಿದ್ದರೆ ಅದೇ ಕೊಕ್ಕೆ ಕೈಕೊಡುತ್ತದೆ.

ಎಲ್ಲರೂ ಜಿಗ್ಗನ್ನು ಜಾಸ್ತಿ ಕುಣಿಸುತ್ತಾರೆ. ಬಾಳೆಗೆ ಅದು ಬೇಡ. ಮುಳುಗಿದ ಹಳೇ ಹೊಳೆಯ ಅಂಚಿಗೆ 14 ಗ್ರಾಂ ಜಿಗ್ ಎಸೆದು, ತಳ ಮುಟ್ಟಿದ ಮೇಲೆ ಒಂದು ಮೊಳ ಎತ್ತಿ, ದಾರ ಬಿಗಿಯಾಗಿಯೇ ಇಟ್ಟು ಇಳಿಯಲು ಬಿಡಿ. ಇಳಿಯುವಾಗಲೇ ಕಚ್ಚುತ್ತದೆ. ದಾರ ಸಡಿಲ ಬಿಟ್ಟರೆ ಗೊತ್ತೇ ಆಗುವುದಿಲ್ಲ. ಜಿಗ್ ಮಧ್ಯದಲ್ಲೇ ನಿಂತಂತಾದರೆ ಕೋಲು ಜಗ್ಗಿ ಹೊಡೆಯಿರಿ. ಬಾಳೆಯ ಸಣ್ಣ ಹಲ್ಲುಗಳು ದಾರ ಸವೆಸುತ್ತವೆ, ಹಾಗಾಗಿ ದಾರದ ತುದಿಗೆ, ಜಿಗ್ಗಿನ ಹತ್ತಿರ, ದಪ್ಪ ಲೀಡರ್ ದಾರ ಬೇಕೇ ಬೇಕು. ಕತ್ತಲಾಗುವ ಹೊತ್ತಿಗೆ ನನಗೆ ಬಂದ ದೊಡ್ಡದು ಆರು ಕೆಜಿ ಆಸುಪಾಸು. ರಬ್ಬರಿಗೆ ನಾನು ಏನು ಸವರುತ್ತೇನೆ ಅಂತ ಮಾತ್ರ ಕೇಳಬೇಡಿ.

ಕುಚ್ಚು ಮೀನಿಗೆ ಇದು ನಡೆಯುವುದಿಲ್ಲ. ಅದು ಇರುವುದು ಜೊಂಡಿನ ನಡುವೆ. ಕೊಕ್ಕೆಯ ಮೊನೆ ರಬ್ಬರಿನೊಳಗೆ ಅಡಗಿಸಿ, 5 ಗ್ರಾಂ ಜಿಗ್ಗನ್ನು ಒಂದೇ ಜಾಗದಲ್ಲಿ ಅಲ್ಲಾಡಿಸುತ್ತಿರಬೇಕು. ಮರಿ ಕಾಯುವ ಕುಚ್ಚು ಕಂಡರೆ ಬಿಟ್ಟುಬಿಡಿ. ಅದು ಸಿಟ್ಟಿಗೇ ಕಚ್ಚುತ್ತದೆ, ಅದರಲ್ಲಿ ನಮ್ಮ ಕೈಚಳಕ ಏನೂ ಇಲ್ಲ.

ಸುಮ್ನೆ ನೋಡೋಣ ಅಂತ 2 ಗ್ರಾಂ ಜಿಗ್‌ಗೆ ಎರೆಹುಳು ಚುಚ್ಚಿ ಗೆಂಡೆ ಮೀನಿಗೂ ಹಾಕಿದೆ. ಗೆಂಡೆ ಬಂದದ್ದು ಎರಡೋ ಮೂರೋ, ಜಿಲೇಬಿ ಮೀನು (ತಿಲಾಪಿಯಾ) ಮಾತ್ರ ಬಂದು ಬಂದು ಸಾಕುಸಾಕೆನಿಸಿತು. ಕಾಟ್ಲಾ ತಿರುಗಿಯೂ ನೋಡಲಿಲ್ಲ. ನೀರು ಸೋಸಿ ತಿನ್ನುವ ಮೀನು ಅದು, ಅದಕ್ಕೆ ಹಿಟ್ಟಿನ ಉಂಡೆಯೇ ಸರಿ.