ನಿಘಂಟಿನಲ್ಲಿ ಪದ ಸಿಗದಿದ್ದಾಗ ನಾನು ಮಾಡುವುದು

ಹಳಗನ್ನಡ ಪದ್ಯ ಓದುವಾಗ ನಿಘಂಟು ತೆರೆದರೆ ಅರ್ಧಕ್ಕರ್ಧ ಪದ ಸಿಗುತ್ತಿರಲಿಲ್ಲ. ಪದ ಪುಸ್ತಕದಲ್ಲಿ ಇದ್ದೇ ಇರುತ್ತದೆ, ನಾವು ಹುಡುಕುವ ವೇಷದಲ್ಲಿ ಇರಲ್ಲ ಅಷ್ಟೇ.

ಉದಾಹರಣೆಗೆ 'ಬೆಮರ್ವನಿ'. ನನ್ನ ಹತ್ತಿರದ ಚಿಕ್ಕ ನಿಘಂಟಿನಲ್ಲಿ ಇಲ್ಲ. ಬಿಡಿಸಿದರೆ ಬೆಮರ್ + ವನಿ. 'ವನಿ'ಯೂ ಇಲ್ಲ! ಇಲ್ಲಿ ಆದೇಶ ಸಂಧಿ ನೆನಪಾಗಬೇಕು. ಎರಡನೇ ಪದದ ಮೊದಲಿನ ಕ, ತ, ಪ ಸಂಧಿಯಲ್ಲಿ ಗ, ದ, ಬ ಆಗುತ್ತವೆ. ಪ ಕೆಲವು ಕಡೆ ವ ಆಗುತ್ತದೆ. ವ ತೆಗೆದು ಪ ಹಾಕಿದೆ: ಪನಿ. ಹಳಗನ್ನಡದ ಪ ಹೊಸಗನ್ನಡದಲ್ಲಿ ಹೆಚ್ಚಾಗಿ ಹ. ಅಂದರೆ ಹನಿ. ಬೆಮರ್ ಅಂದರೆ ಬೆವರು. ಬೆವರ ಹನಿ, ಮುಗೀತು. ಶಾಲೆಯಲ್ಲಿ ಸುಮ್ನೆ ಬಾಯಿಪಾಠ ಮಾಡಿದ ಸಂಧಿ ಇಷ್ಟು ಕೆಲಸಕ್ಕೆ ಬರುತ್ತದೆ ಅಂತ ಯಾರಿಗೆ ಗೊತ್ತಿತ್ತು?

ಕ್ರಿಯಾಪದವಾದರೆ ಧಾತುವಿಗೆ ಹೋಗಬೇಕು. ಬಿದ್ದ ಇದ್ದರೆ ಬೀಳು, ಎದ್ದ ಇದ್ದರೆ ಏಳು, ನಿಂತ ಇದ್ದರೆ ನಿಲ್ಲು.

ಇನ್ನು ಅಕ್ಷರಗಳ ಸಾಲು. ಕ್ಷ ಕೊನೆಯಲ್ಲಿಲ್ಲ, ಕ-ದಲ್ಲೇ ಇದೆ, ಜ್ಞ ಜ-ದಲ್ಲಿ. ಕಾಗುಣಿತ ಮುಗಿದ ಮೇಲೆ ಒತ್ತಕ್ಷರ, ಹಾಗಾಗಿ ಕತೆ ಆದಮೇಲೆ ಕತ್ತರಿ, ಕತ್ತಲೆ, ಕತ್ತೆ. ಸೊನ್ನೆಯ ಜಾಗ ನೋಡಲು ಮುನ್ನುಡಿ ಓದುವುದು ಒಳ್ಳೆಯದು. ಸಂಕೇತಾಕ್ಷರಗಳ ಪಟ್ಟಿಯೂ ಅಲ್ಲೇ ಅಕ್ಕಪಕ್ಕ ಇರುತ್ತದೆ. ಇಷ್ಟಾದರೂ ಸಿಗದ ಪದಕ್ಕೆ ಗ್ರಂಥಾಲಯ: ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟು, 8 ಸಂಪುಟ. ಅದರಲ್ಲಿ ಪದ ಬಳಕೆಯಾದ ಸಾಲುಗಳನ್ನೂ ಕೊಟ್ಟಿದ್ದಾರೆ, ನನಗೆ ಅರ್ಥಕ್ಕಿಂತ ಅವೇ ಜಾಸ್ತಿ ಉಪಯೋಗ.