ನೆಟ್ ಬರ್ತಿಲ್ವಾ? ಮೊದಲು ಆ ಪಿನ್ ಪಕ್ಕಕ್ಕಿಡಿ

ಮಳೆಗಾಲ ಬಂತೆಂದರೆ ಉಡುಪಿಯಲ್ಲಿ ನನಗೆ ಬರುವ ಫೋನುಗಳೆಲ್ಲ ಒಂದೇ ತರ. ‘ಲ್ಯಾಪ್‌ಟಾಪಿಗೆ ನೆಟ್ ಬರುವುದಿಲ್ಲ ಮಾರಾಯ್ರೆ, ಎಂತ ಮಾಡುವುದು?’ ಕಳೆದ ಜೂನಿನಲ್ಲಿ ಪಕ್ಕದ ಮನೆಯ ಅಕ್ಕ ಕರೆದರು. ನಾನು ಹೋಗುವ ಹೊತ್ತಿಗೆ ಅವರು ರೌಟರಿನ ಹಿಂದಿನ ಸಣ್ಣ ತೂತಿಗೆ ಸೇಫ್ಟಿ ಪಿನ್ ಚುಚ್ಚಿ ಒತ್ತಿ ಹಿಡಿದಾಗಿತ್ತು. ತೊಂದರೆ ಇದ್ದದ್ದು ಲ್ಯಾಪ್‌ಟಾಪಿನಲ್ಲಿ. ಆದರೆ ರೌಟರಿನೊಳಗೆ ಹಾಕಿಟ್ಟಿದ್ದ ಯೂಸರ್‌ನೇಮು, ಪಾಸ್‌ವರ್ಡು ಎಲ್ಲ ಅಳಿಸಿ ಹೋಗಿ, ಅಲ್ಲಿಯವರೆಗೆ ಸರಿಯಿದ್ದ ಟಿವಿ, ಫೋನುಗಳಿಗೂ ನೆಟ್ ಹೋಯಿತು. ಲೈನಿನವರು ಬಂದು ಸರಿ ಮಾಡುವಾಗ ಮೂರು ದಿನ.

ಹಾಗಾಗಿ ಮೊದಲೇ ಹೇಳುತ್ತೇನೆ. ರೀಸ್ಟಾರ್ಟ್ ಬೇರೆ, ರೀಸೆಟ್ ಬೇರೆ. ರೌಟರನ್ನು ಗೋಡೆಯ ಸ್ವಿಚ್ಚಿನಲ್ಲಿ ಆಫ್ ಮಾಡಿ ಆನ್ ಮಾಡಿ, ಎಷ್ಟು ಸಲ ಬೇಕಾದರೂ. ರೀಸೆಟ್ ಗುಂಡಿ ಇರುವ ಆ ತೂತಿನ ತಂಟೆಗೆ ಮಾತ್ರ ಹೋಗಬೇಡಿ.

ಈಗ ಕೆಲಸ ಶುರು. ಅದೇ ವೈಫೈಯಲ್ಲಿ ಫೋನಿಗೆ ನೆಟ್ ಬರುತ್ತದಾ ನೋಡಿ. ನೋಡುವ ಮೊದಲು ಫೋನಿನ ಮೊಬೈಲ್ ಡೇಟಾ ಆಫ್ ಮಾಡಿ. ಇದನ್ನು ಮರೆತು, ‘ಫೋನಿನಲ್ಲಿ ಸರಿ ಇದೆ’ ಎಂದುಕೊಂಡು ಲ್ಯಾಪ್‌ಟಾಪನ್ನು ಗಂಟೆಗಟ್ಟಲೆ ಕೆದಕಿದವರು ಬಹಳ ಜನ ಇದ್ದಾರೆ.

ಫೋನಿಗೂ ಬರದಿದ್ದರೆ ಫೈಬರ್ ಪೆಟ್ಟಿಗೆಯ ದೀಪ ನೋಡಿ. ‘ಎಲ್‌ಒಎಸ್’ (LOS) ಎಂದು ಬರೆದಲ್ಲಿ ಕೆಂಪು ಉರಿಯುತ್ತಿದ್ದರೆ ನೆಟ್ ಹೊತ್ತು ತರುವ ಬೆಳಕು ಪೆಟ್ಟಿಗೆಯವರೆಗೆ ಬರುತ್ತಿಲ್ಲ. ಗಾಳಿಮಳೆಗೆ ಕೊಂಬೆ ಬಿದ್ದು ಎಲ್ಲೋ ಲೈನು ಕಡಿದಿರಬಹುದು, ಅಥವಾ ಕಪಾಟಿನ ಹಿಂದೆ ಆ ತೆಳು ವಯರು ಮಡಚಿರಬಹುದು. ಅದರೊಳಗೆ ಇರುವುದು ಗಾಜಿನ ಎಳೆ, ಚೂಪಾಗಿ ಮಡಚಿದರೆ ಆಗುವುದಿಲ್ಲ. ಕಂಪ್ಲೇಂಟ್ ಕೊಡುವಾಗ ‘ನೆಟ್ ಇಲ್ಲ’ ಅನ್ನಬೇಡಿ, ‘ಎಲ್‌ಒಎಸ್ ಕೆಂಪು ಇದೆ’ ಅನ್ನಿ. ದೀಪ ಸರಿ ಇದ್ದರೆ ಆಫ್ ಮಾಡಿ, ಒಂದು ನಿಮಿಷ ಬಿಟ್ಟು ಆನ್ ಮಾಡಿ, ಐದು ನಿಮಿಷ ಕಾಯಿರಿ.

ಫೋನಿಗೆ ಬಂದು ಲ್ಯಾಪ್‌ಟಾಪಿಗೆ ಮಾತ್ರ ಬರದಿದ್ದರೆ, ಏರೋಪ್ಲೇನ್ ಮೋಡ್ ಆನ್ ಆಗಿದೆಯಾ ನೋಡಿ. ಕೀಬೋರ್ಡ್ ಒರೆಸುವಾಗ ಕೈ ತಾಗಿ ಆಗುತ್ತದೆ.

ವೈಫೈ ಹೆಸರೇ ಕಾಣದಿದ್ದರೆ ರೌಟರ್ ಇರುವ ಕೋಣೆಗೆ ಹೋಗಿ ನೋಡಿ. ನಮ್ಮಲ್ಲಿ ಕೆಂಪು ಕಲ್ಲಿನ ದಪ್ಪ ಗೋಡೆಗಳು, 5 ಗಿಗಾಹರ್ಟ್ಸ್ ಸಿಗ್ನಲ್ ಎರಡು ಗೋಡೆ ದಾಟುವುದರೊಳಗೆ ಸುಸ್ತಾಗುತ್ತದೆ. ಒಳಗಿನ ಕೋಣೆಗೆ 2.4 ಗಿಗಾಹರ್ಟ್ಸೇ ಸರಿ. ಸ್ಪೀಡ್ ಕಮ್ಮಿ, ಆದರೆ ದೂರ ಹೋಗುತ್ತದೆ. ಹೆಸರೂ ಗೊತ್ತಿಲ್ಲದ ಅಗ್ಗದ ಬೂಸ್ಟರ್ ಸುಮ್ನೆ ತರಬೇಡಿ. ಆ ದುಡ್ಡಿಗೆ ರೌಟರಿನಿಂದ ನೇರ ಲ್ಯಾಪ್‌ಟಾಪಿಗೆ ಎಳೆಯುವ ಉದ್ದದ ಕ್ಯಾಟ್ 6 ಲ್ಯಾನ್ ಕೇಬಲ್ ಬರುತ್ತದೆ.

ಜಾಸ್ತಿ ಜನ ಎಡವುವುದು ಮುಂದಿನದರಲ್ಲಿ. ವೈಫೈ ಕನೆಕ್ಟ್ ಆಗಿದೆ, ಆದರೆ ‘ನೋ ಇಂಟರ್ನೆಟ್’ ಎನ್ನುತ್ತದೆ. ಇಲ್ಲಿಗೆ ಬಂದ ಕೂಡಲೇ ಫಾರ್ಮ್ಯಾಟ್ ಮಾಡಿಸಲು ಅಂಗಡಿಗೆ ಓಡುತ್ತಾರೆ. ಬೇಡ, ಹತ್ತು ನಿಮಿಷ ಕೂತುಕೊಳ್ಳಿ.

ಮೊದಲು ಮೂಲೆಯ ತಾರೀಕು ನೋಡಿ. ಹಳೆ ಲ್ಯಾಪ್‌ಟಾಪಿನ ಒಳಗಿನ ಸಣ್ಣ ಬ್ಯಾಟರಿ ಸತ್ತರೆ ತಾರೀಕು ವರ್ಷಗಟ್ಟಲೆ ಹಿಂದೆ ಹೋಗುತ್ತದೆ. ಆಗ ಬ್ಯಾಂಕು, ಮೇಲ್ ಯಾವುದೂ ತೆರೆಯುವುದಿಲ್ಲ. ತಾರೀಕು ಸರಿ ಮಾಡಿದರೆ ತೆರೆಯುತ್ತವೆ.

ಮಣಿಪಾಲದ ಪಿಜಿ, ಹಾಸ್ಟೆಲುಗಳಲ್ಲಿ ಇರುವ ಮಕ್ಕಳು ಲಾಗಿನ್ ಪುಟ ಬಂದಿದೆಯಾ ನೋಡಬೇಕು. ಅದು ಕೆಲವೊಮ್ಮೆ ತಾನಾಗಿ ಬರುವುದಿಲ್ಲ, ಬ್ರೌಸರ್ ತೆರೆದು ಯಾವುದಾದರೂ ಸೈಟಿಗೆ ಹೋದರೆ ಬರಬಹುದು.

ಅದೂ ಅಲ್ಲವಾದರೆ, ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ಸ್ಟಾರ್ಟ್ ಒತ್ತಿ ಸಿಎಂಡಿ (cmd) ಎಂದು ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿ ಎಂಟರ್ ಒತ್ತಿ. ಕಪ್ಪು ಕಿಟಕಿ ಬರುತ್ತದೆ, ಹೆದರಬೇಡಿ. ಅದರಲ್ಲಿ ಐಪಿಕಾನ್ಫಿಗ್ (ipconfig) ಎಂದು ಹೊಡೆದು ಎಂಟರ್ ಒತ್ತಿ. ವೈಫೈಯ ಕೆಳಗೆ ‘ಐಪಿವಿ4 ಅಡ್ರೆಸ್’ ಎಂಬ ಸಾಲು ಹುಡುಕಿ. ನಂಬರು 169.254ರಿಂದ ಶುರುವಾದರೆ ರೌಟರು ಅಡ್ರೆಸ್ ಕೊಟ್ಟೇ ಇಲ್ಲ, ಲ್ಯಾಪ್‌ಟಾಪು ತಾನೇ ಒಂದು ಹಾಕಿಕೊಂಡಿದೆ ಎಂದರ್ಥ. ಆ ವೈಫೈಯನ್ನು ‘ಫರ್ಗೆಟ್’ ಮಾಡಿ, ರೌಟರ್ ರೀಸ್ಟಾರ್ಟ್ ಮಾಡಿ, ಪಾಸ್‌ವರ್ಡ್ ಹಾಕಿ ಮತ್ತೆ ಸೇರಿಸಿ. ಸೆಟ್ಟಿಂಗ್ಸಿನಲ್ಲಿ ಆ ವೈಫೈಯ ‘ಐಪಿ ಅಸೈನ್‌ಮೆಂಟ್’ ಆಟೋಮ್ಯಾಟಿಕ್‌ನಲ್ಲೇ ಇರಲಿ.

192.168 ಎಂದು ಬಂದರೆ ಅಡ್ರೆಸ್ ಸಿಕ್ಕಿದೆ. ಈಗ ಪಿಂಗ್ (ping) ಎಂದು ಬರೆದು, ಒಂದು ಜಾಗ ಬಿಟ್ಟು, 8.8.8.8 ಹಾಕಿ ಎಂಟರ್ ಒತ್ತಿ. ‘ರಿಪ್ಲೈ ಫ್ರಮ್ 8.8.8.8’ ಎಂಬ ಸಾಲುಗಳು ಬಂದವಾ? ಹಾಗಾದರೆ ನೆಟ್ ಇದೆ! ಸೈಟಿನ ಹೆಸರನ್ನು ನಂಬರಿಗೆ ಬದಲಿಸುವ ಡಿಎನ್‌ಎಸ್ ಮಾತ್ರ ಕೆಟ್ಟಿರಬಹುದು. ಸೆಟ್ಟಿಂಗ್ಸಿನಲ್ಲಿ ಆ ವೈಫೈಯ ‘ಡಿಎನ್‌ಎಸ್’ ಜಾಗಕ್ಕೆ 1.1.1.1 ಮತ್ತು 8.8.8.8 ಹಾಕಿ. ಹಾಸ್ಟೆಲ್ ವೈಫೈಯಲ್ಲಿ ಇದನ್ನು ಹಾಕಿದರೆ ಲಾಗಿನ್ ಪುಟ ಬಾರದೇ ಹೋಗಬಹುದು, ಅಲ್ಲಿ ಆಟೋಮ್ಯಾಟಿಕ್‌ಗೇ ಬಿಡಿ. ರಿಪ್ಲೈ ಬರಲಿಲ್ಲವಾದರೆ ವಿಪಿಎನ್ (ನೆಟ್ಟನ್ನು ಬೇರೆ ದಾರಿಯಲ್ಲಿ ಕಳಿಸುವ ಆಪ್), ಹೊರಗಿನ ಆಂಟಿವೈರಸ್ ಇದ್ದರೆ ಸ್ವಲ್ಪ ಹೊತ್ತು ನಿಲ್ಲಿಸಿ ನೋಡಿ.

ಇಷ್ಟಕ್ಕೂ ಬಗ್ಗದಿದ್ದರೆ ಸೆಟ್ಟಿಂಗ್ಸಿನಲ್ಲಿರುವ ‘ನೆಟ್‌ವರ್ಕ್ ರೀಸೆಟ್’. ಇದು ಲ್ಯಾಪ್‌ಟಾಪಿನದ್ದು, ರೌಟರಿನದ್ದಲ್ಲ. ಉಳಿಸಿಟ್ಟ ವೈಫೈ ಪಾಸ್‌ವರ್ಡುಗಳು ಹೋಗುತ್ತವೆ, ಮೊದಲೇ ಬರೆದಿಟ್ಟುಕೊಳ್ಳಿ. ಡ್ರೈವರ್ (ವೈಫೈ ಕಾರ್ಡನ್ನು ನಡೆಸುವ ಸಾಫ್ಟ್‌ವೇರ್) ಬೇಕಾದರೆ ಫೋನಿನ ಚಾರ್ಜಿಂಗ್ ಕೇಬಲನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸಿ ಫೋನಿನಲ್ಲಿ ‘ಯುಎಸ್‌ಬಿ ಟೆದರಿಂಗ್’ ಆನ್ ಮಾಡಿ, ಫೋನಿನ ನೆಟ್ಟಿನಲ್ಲೇ ಲ್ಯಾಪ್‌ಟಾಪ್ ಕಂಪನಿಯ ಸೈಟಿನಿಂದಲೇ ಇಳಿಸಿಕೊಳ್ಳಿ. ಉಚಿತವಾಗಿ ಎಲ್ಲ ಡ್ರೈವರ್ ಹುಡುಕಿಕೊಡುತ್ತೇವೆ ಎನ್ನುವ ಸಾಫ್ಟ್‌ವೇರ್ ಮುಟ್ಟಬೇಡಿ. ಅದನ್ನು ತೆಗೆಯುವುದೇ ಆಮೇಲೆ ದೊಡ್ಡ ಕೆಲಸ.

ಗುಡುಗು ಸಿಡಿಲಿಗೆ ಮುಂಚೆ ರೌಟರಿನ ಪ್ಲಗ್ ತೆಗೆಯುತ್ತೀರಲ್ವಾ? ಲ್ಯಾನ್ ಕೇಬಲನ್ನೂ ತೆಗೆಯಿರಿ. ಫೈಬರಿನ ಗಾಜಿನ ಎಳೆಯಲ್ಲಿ ಕರೆಂಟು ಹರಿಯುವುದಿಲ್ಲ, ಲ್ಯಾನ್ ಕೇಬಲ್ಲಿನ ತಾಮ್ರದಲ್ಲಿ ಹರಿಯುತ್ತದೆ.

ಕೊನೆಗೆ, ಕೇಬಲ್ ಹಾಕಿದರೆ ನೆಟ್ ಬರುತ್ತದೆ, ಏನು ಮಾಡಿದರೂ ವೈಫೈಯಲ್ಲಿ ಬರುವುದಿಲ್ಲ ಎಂದಾದರೆ ವೈಫೈ ಕಾರ್ಡೇ ಹೋಗಿರಬಹುದು. ಆಗ ಅಂಗಡಿಗೆ ಹೋಗಿ. ಆದರೆ ಕೊಡುವಾಗಲೇ ಹೇಳಿ: ‘ಕಾರ್ಡ್ ಮಾತ್ರ ನೋಡಿ, ಫಾರ್ಮ್ಯಾಟ್ ಮಾಡಬೇಡಿ.’